ಒಳಗಿನಿಂದ ಹಾಕಿದ ಚಿಲಕ

ಬೆಳಿಗ್ಗೆ ಎಂಟು ದಾಟಿರಬೇಕು. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ. ರಾತ್ರಿ ಬಸ್ಸಿನವರು ಕಣ್ಣುಜ್ಜಿಕೊಂಡು ಇಳಿಯುವುದೂ ಆಫೀಸಿನವರು ಓಡಿಬಂದು ಹತ್ತುವುದೂ ಒಟ್ಟೊಟ್ಟಿಗೆ ನಡೆಯುವ ಹೊತ್ತು. ಕಂಡಕ್ಟರ್ ಒಬ್ಬ ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ ಮೂರನ್ನೂ ಒಂದೇ ಊರಿನ ಹೆಸರೇನೋ ಎನ್ನುವಂತೆ ಕೂಗುತ್ತಿದ್ದಾನೆ. ಹೆಂಗಸರ ಶೌಚಾಲಯದ ಮುಂದೆ ಸಾಲು ಬೆಳೆದಿದೆ. ಬಾಗಿಲಲ್ಲಿ ಚಿಲ್ಲರೆ ಇಸಿದುಕೊಳ್ಳುವಾಕೆ ಕೊನೆಯ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟಿ ಬಂದಾಯಿತು. ಈಗ ಮೂರನೆಯದು.

‘ಯಾರಮ್ಮಾ ಒಳಗೆ? ಬೇಗ ಬನ್ನಿ, ಜನ ಕಾಯ್ತಾವ್ರೆ.’

ಉತ್ತರವಿಲ್ಲ. ಸಾಲಿನಲ್ಲಿದ್ದವರು ಗೊಣಗುತ್ತಾರೆ, ಒಬ್ಬಾಕೆ ಮಗುವನ್ನು ಸೊಂಟ ಬದಲಿಸಿ ಎತ್ತಿಕೊಳ್ಳುತ್ತಾಳೆ. ಯಾರೋ ಹೋಗಿ ಪೊಲೀಸಿನವರನ್ನು ಕರೆದುಕೊಂಡು ಬರುತ್ತಾರೆ. ಕಾನ್‌ಸ್ಟೆಬಲ್ ಮೊದಲು ಲಾಠಿಯಲ್ಲಿ ಬಡಿದು ನೋಡುತ್ತಾನೆ, ಆಮೇಲೆ ಹೆಗಲು ಕೊಡುತ್ತಾನೆ. ಎರಡನೆಯ ಏಟಿಗೆ ಚಿಲಕದ ಸ್ಕ್ರೂ ಮರದಿಂದ ಕಿತ್ತು ಬರುತ್ತದೆ. ಬಾಗಿಲು ಅರ್ಧ ತೆರೆದು ಏನಕ್ಕೋ ತಾಗಿ ನಿಲ್ಲುತ್ತದೆ.

ಮುಖ ಬಿಡಿ. ಕಿವಿ ನೋಡಿ.

ಕಿವಿಯ ಹಾಲೆಯಲ್ಲಿ ತೂತಿದೆ, ಓಲೆಯಿಲ್ಲ. ಸದಾ ಓಲೆ ಇರುವ ಕಿವಿಯ ತೂತು ಹೇಗೆ ಸ್ವಲ್ಪ ಕೆಳಕ್ಕೆ ಜಗ್ಗಿ ಉದ್ದವಾಗಿರುತ್ತದೋ ಹಾಗಿದೆ. ಕುತ್ತಿಗೆಯ ಸುತ್ತ ಬಿಸಿಲು ಕಾಣದ ಸಣ್ಣ ಗೆರೆ. ಅಲ್ಲೊಂದು ಸರ ಇತ್ತು, ನಿನ್ನೆ ಮೊನ್ನೆಯವರೆಗೂ ಇತ್ತು. ಕೈಯಲ್ಲಿ ಗಾಜಿನ ಬಳೆ ಬಿಟ್ಟರೆ ಏನಿಲ್ಲ. ಉಟ್ಟದ್ದು ಮಾತ್ರ ರೇಷ್ಮೆ ಸೀರೆ. ನೆರಿಗೆ ಪಿನ್ನು ಹಾಕಿ ಜೋಡಿಸಿದ್ದಾರೆ, ಸೆರಗು ಇಸ್ತ್ರಿ ಕಂಡಿದೆ.

ಮದುವೆ ಮನೆಗೆ ಹೊರಡುವ ಹಾಗೆ ಸೀರೆ ಉಟ್ಟ ಹೆಣ್ಣು ಬರಿಗಿವಿಯಲ್ಲಿ ಬರಿಗೊರಳಲ್ಲಿ ಹೊಸ್ತಿಲು ದಾಟುವುದಿಲ್ಲ. ಚಿನ್ನ ಇಲ್ಲದಿದ್ದರೆ ರೋಲ್ಡ್ ಗೋಲ್ಡ್, ಅದೂ ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕನ ಹತ್ತಿರ ಕಡ. ಚಿಲ್ಲರೆ ಇಸಿದುಕೊಳ್ಳುವಾಕೆಗೆ ಇದು ಕ್ಷಣದಲ್ಲಿ ಹೊಳೆದಿರುತ್ತದೆ. ಆಕೆಯನ್ನು ಯಾರೂ ಕೇಳುವುದಿಲ್ಲ. ಕಾನ್‌ಸ್ಟೆಬಲ್ ನೋಡುತ್ತಿರುವುದು ಚಿಲಕವನ್ನು. ಒಳಗಿನಿಂದ ಹಾಕಿಕೊಂಡಿದ್ದಾಳೆ, ಬೇರೆ ಯಾರೂ ಒಳಗಿಲ್ಲ, ಮೈಮೇಲೆ ಗಾಯವಿಲ್ಲ. ಅಲ್ಲಿಗೆ ವಿಷಯ ಮುಗಿಯಿತು.

ಇದು ಯಾವ ವರ್ಷದ ಯಾವ ಬೆಳಿಗ್ಗೆ ಎಂದು ಕೇಳಬೇಡಿ. 2009ರವರೆಗಿನ ಐದಾರು ವರ್ಷಗಳಲ್ಲಿ ಇಂಥ ಬೆಳಗು ಇಪ್ಪತ್ತು ಬಂದವು. ಎಂಟು ಮೈಸೂರಿನ ಲಷ್ಕರ್ ಮೊಹಲ್ಲಾದ ಇದೇ ನಿಲ್ದಾಣದಲ್ಲಿ, ಐದು ಬೆಂಗಳೂರಿನ ಮೆಜೆಸ್ಟಿಕ್ ಸುತ್ತ, ಉಳಿದವು ಹಾಸನ, ಮಡಿಕೇರಿ ಎಂದು ಅಲ್ಲಲ್ಲಿ. ಒಂದನ್ನು ಹೇಳಿದರೆ ಇಪ್ಪತ್ತನ್ನೂ ಹೇಳಿದಂತೆ. ಹೆಂಗಸರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಹದಿನೈದು ವರ್ಷ ಪತ್ರಿಕೆಗಳು ಅವನ್ನು ಬೇಕಾದಷ್ಟು ಬರೆದಿವೆ.

ಠಾಣೆಗೆ ಬನ್ನಿ. ರೈಟರ್ ದಪ್ಪ ರಿಜಿಸ್ಟರು ಎಳೆದುಕೊಂಡು ಯುಡಿಆರ್ ನಂಬರ್ ಹಾಕುತ್ತಾನೆ. ಯುಡಿಆರ್ ಅಂದರೆ ಅಸ್ವಾಭಾವಿಕ ಸಾವಿನ ವರದಿ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು. ಹಗ್ಗ ಹಾಕಿಕೊಂಡವರು, ಬಾವಿಗೆ ಬಿದ್ದವರು, ಹಾವು ಕಚ್ಚಿದವರು, ರೈಲಿಗೆ ಸಿಕ್ಕವರು ಎಲ್ಲರಿಗೂ ಇದೇ ರಿಜಿಸ್ಟರು. ಪಂಚರ ಮುಂದೆ ಮಹಜರು ಆಗುತ್ತದೆ, ಹೆಣ ಶವಾಗಾರಕ್ಕೆ ಹೋಗುತ್ತದೆ, ಪತ್ರಿಕೆಗೆ ಒಂದು ಪ್ರಕಟಣೆ ಹೋಗುತ್ತದೆ. ಅಪರಿಚಿತ ಮಹಿಳೆ, ಸುಮಾರು 25ರಿಂದ 30 ವರ್ಷ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಕರ್ನಾಟಕದಲ್ಲಿ ಗುರುತು ಸಿಗದೆ ಸತ್ತ ಎಷ್ಟೋ ಹೆಂಗಸರು ಇಂಥ ಪ್ರಕಟಣೆಗಳಲ್ಲಿ ಗೋಧಿ ಬಣ್ಣದವರು, ಸಾಧಾರಣ ಮೈಕಟ್ಟಿನವರು. ಈ ಚಹರೆಯಿಂದ ಹೆತ್ತ ತಾಯಿಗೂ ಮಗಳ ಗುರುತು ಸಿಗಲಾರದು. ಸಿಗುವಂತಿದ್ದರೂ ಆ ತಾಯಿ ಇರುವುದು ಘಟ್ಟದ ಕೆಳಗೆ, ಇನ್ನೂರು ಕಿಲೋಮೀಟರು ದೂರ, ಮೈಸೂರು ಆವೃತ್ತಿ ಹೋಗದ ಊರಿನಲ್ಲಿ. ಕೆಲವು ದಿನ ವಾರಸುದಾರರಿಗೆ ಕಾದು ಹೆಣವನ್ನು ಸರ್ಕಾರವೇ ಮಣ್ಣು ಮಾಡುತ್ತದೆ. ಫೈಲಿನಲ್ಲಿ ಒಂದು ಫೋಟೊ ಉಳಿಯುತ್ತದೆ.

ಈಗ ಘಟ್ಟ ಇಳಿಯೋಣ. ಬಂಟ್ವಾಳ, ಪುತ್ತೂರು, ಸುಳ್ಯದ ಕಡೆಯ ಒಂದು ಮನೆಯ ಜಗಲಿಗೆ. ಹೆಂಚಿನ ಮನೆ, ಅಂಗಳದ ಅಂಚಿಗೆ ನಾಲ್ಕು ಅಡಿಕೆ ಮರ. ಜಗಲಿಯಲ್ಲಿ ಕಾಲು ಚಾಚಿ ಕೂತ ಹುಡುಗಿಯ ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪು. ಬೆರಳುಗಳು ತಮ್ಮಷ್ಟಕ್ಕೆ ಬೀಡಿ ಕಟ್ಟುತ್ತಿವೆ, ಕಣ್ಣು ಎಲ್ಲೋ ಇದೆ. ಸಂಜೆ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು ಪುಸ್ತಕದಲ್ಲಿ ಬರೆಸಿ ಬರಬೇಕು. ಕಿವಿಯ ಓಲೆ ಆ ಪುಸ್ತಕದ ಲೆಕ್ಕದಲ್ಲಿ ಬಂದದ್ದು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ತಂಗಿಯ ಮದುವೆಯ ಮಾತೂ ಶುರುವಾಗಿದೆ. ಬಂದ ಸಂಬಂಧಗಳು ಚಿನ್ನ ಎಷ್ಟು ಹಾಕುತ್ತೀರಿ ಎಂಬಲ್ಲಿಗೆ ಬಂದು ನಿಂತಿವೆ. ಇವಳ ಎದುರು ಯಾರೂ ಏನೂ ಹೇಳುವುದಿಲ್ಲ. ಅಜ್ಜಿ ಮಾತ್ರ ಆಗಾಗ ನಿಟ್ಟುಸಿರು ಬಿಡುತ್ತಾಳೆ.

ಇಂಥ ಹುಡುಗಿಯ ಪಕ್ಕ ಒಂದು ದಿನ, ಬಸ್ ಸ್ಟಾಪಿನಲ್ಲೋ ಪೇಟೆಯಲ್ಲೋ, ಒಬ್ಬ ಬಂದು ನಿಲ್ಲುತ್ತಾನೆ. ನಲವತ್ತು ದಾಟಿದ, ಶರಟು ಇನ್ ಮಾಡಿದ, ಮೆತ್ತಗೆ ಮಾತಾಡುವ ಮನುಷ್ಯ. ಸರ್ಕಾರಿ ಕೆಲಸ ಎನ್ನುತ್ತಾನೆ. ಹುಡುಗಿಯ ಜಾತಿ ಯಾವುದೋ ತನ್ನದೂ ಅದೇ ಎನ್ನುತ್ತಾನೆ, ಹೆಸರೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ವರದಕ್ಷಿಣೆ ಬೇಡ ಎನ್ನುತ್ತಾನೆ.

ಅವನ ನಿಜವಾದ ಹೆಸರು ಮೋಹನ್ ಕುಮಾರ್. ಬಂಟ್ವಾಳ ತಾಲೂಕಿನ ಕನ್ಯಾನದವನು. ಸುಮಾರು 2003ರವರೆಗೆ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಹೆಂಡತಿ ಮಕ್ಕಳು ಇದ್ದವನು. ಮುಂದೆ ಪತ್ರಿಕೆಗಳು ಅವನಿಗೆ ‘ಸೈನೈಡ್ ಮೋಹನ’ ಎಂದು ಸಿನಿಮಾ ಪೋಸ್ಟರಿನಂಥ ಹೆಸರಿಟ್ಟವು. ನನಗೆ ಆ ಹೆಸರಿನ ಮೇಲೆ ಸಿಟ್ಟಿದೆ. ಸೈನೈಡ್ ಅವನ ಕೆಲಸದ ಕೊನೆಯ ಎರಡು ನಿಮಿಷ ಮಾತ್ರ. ಅದಕ್ಕೆ ಮುಂಚಿನ ವಾರಗಟ್ಟಲೆ ಅವನು ಉಪಯೋಗಿಸಿದ ವಿಷವೆಲ್ಲ ನಮ್ಮ ನಮ್ಮ ಮನೆಗಳಲ್ಲೇ ತಯಾರಾದದ್ದು.

ಹೇಗೆಂದು ನೋಡಿ. ಒಂದು ದಿನ ಹುಡುಗಿ ಗೆಳತಿಯ ಮನೆಗೆ, ಇಲ್ಲವೇ ಯಾವುದೋ ದೇವಸ್ಥಾನಕ್ಕೆ ಎಂದು ಹೇಳಿ ಮನೆಯಿಂದ ಹೊರಡುತ್ತಾಳೆ. ಇರುವ ಚಿನ್ನವನ್ನೆಲ್ಲ ಹಾಕಿಕೊಂಡಿರುತ್ತಾಳೆ, ಯಾಕೆಂದರೆ ಮದುವೆ. ಇಬ್ಬರೂ ಬಸ್ಸು ಹತ್ತಿ ಗುರುತು ಪರಿಚಯ ಇಲ್ಲದ ಊರಿಗೆ ಬಂದು, ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಗಂಡ ಹೆಂಡತಿ ಎಂದು ಬರೆಸಿ ಉಳಿಯುತ್ತಾರೆ. ಮರುದಿನ ಬೆಳಿಗ್ಗೆ ಅವನು ಒಡವೆಯನ್ನು ರೂಮಿನಲ್ಲೇ ಬಿಚ್ಚಿಟ್ಟು ಬರಲು ಹೇಳುತ್ತಾನೆ. ಬಸ್ ನಿಲ್ದಾಣದಲ್ಲಿ ಒಂದು ಮಾತ್ರೆ ಕೊಡುತ್ತಾನೆ. ಬಸುರಾಗದಂತೆ ತಡೆಯುವ ಮಾತ್ರೆ ಎನ್ನುತ್ತಾನೆ. ಹೊಟ್ಟೆ ತೊಳಸಬಹುದು, ಶೌಚಾಲಯಕ್ಕೆ ಹೋಗಿ ಅಲ್ಲೇ ನುಂಗು ಎನ್ನುತ್ತಾನೆ.

ಅವಳು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಯಾರೂ ಬಲವಂತ ಮಾಡಲಿಲ್ಲ. ಮದುವೆಯಾಗದ ಹೆಣ್ಣು ಅಂಥ ಮಾತ್ರೆಯನ್ನು ನಾಲ್ಕು ಜನರೆದುರು ನುಂಗುವುದುಂಟೆ? ಆ ಚಿಲಕ ಹಾಕಿದ್ದು ನಾಚಿಕೆ. ಹೊರಗೆ ನಿಂತವನಿಗೆ ಅದು ಖಾತ್ರಿಯಾಗಿ ಗೊತ್ತಿತ್ತು. ಅದೇ ಚಿಲಕವನ್ನು ನೋಡಿ ಕಾನ್‌ಸ್ಟೆಬಲ್ ಏನು ತೀರ್ಮಾನಕ್ಕೆ ಬರುತ್ತಾನೆ ಎನ್ನುವುದೂ ಗೊತ್ತಿತ್ತು. ಸೈನೈಡ್ ಜೀವಕೋಶಗಳಿಗೆ ಆಮ್ಲಜನಕ ಬಳಸುವ ಶಕ್ತಿಯನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಪ್ರಾಣವಾಯು ಇದ್ದೂ ಮೈ ಉಸಿರುಗಟ್ಟಿ ಸಾಯುತ್ತದೆ. ಕೂಗಿ ಕರೆಯುವುದಕ್ಕೆ ಪುರಸೊತ್ತಿಲ್ಲ. ಅಕ್ಕಸಾಲಿಗರಿಗೆ ಬೇಕಾಗುವ ವಸ್ತು ಅದು, ಇವನು ಅಕ್ಕಸಾಲಿಗನೆಂದು ಹೇಳಿಕೊಂಡೇ ಕೊಂಡು ತಂದಿದ್ದ. ಬಾಗಿಲು ಒಡೆಯುವ ಹೊತ್ತಿಗೆ ಅವನು ಲಾಡ್ಜಿಗೆ ಹೋಗಿ ಒಡವೆ ತೆಗೆದುಕೊಂಡು ಊರಿನ ಬಸ್ಸು ಹತ್ತಿಯಾಗಿರುತ್ತದೆ.

ಅಪರಾಧಿಯ ಮನಸ್ಸನ್ನು ಓದುವ ವಿದ್ಯೆಯ ಬಗ್ಗೆ ನಾವು ಬೇಕಾದಷ್ಟು ಕೇಳಿದ್ದೇವೆ. ಸತ್ತವರ ಬಗ್ಗೆ ಕೇಳಿದ್ದು ಕಡಿಮೆ. ಜರ್ಮನಿಯ ಹ್ಯಾನ್ಸ್ ಫಾನ್ ಹೆಂಟಿಗ್ 1948ರಲ್ಲಿ ಅಪರಾಧಿ ಮತ್ತು ಅವನಿಗೆ ಬಲಿಯಾದವರ ಕುರಿತು ಪುಸ್ತಕ ಬರೆದಾಗ, ಸುಲಭವಾಗಿ ಬಲಿಯಾಗುವವರ ಪಟ್ಟಿಯಲ್ಲಿ ಹೆಂಗಸರು, ಮುದುಕರು, ವಲಸಿಗರ ಜೊತೆ ಒಂಟಿಗಳನ್ನೂ ಮನಸ್ಸು ಮುರಿದವರನ್ನೂ ಸೇರಿಸಿದ್ದ. ಆ ಪಟ್ಟಿಯಿಂದ ಮುಂದೆ ಉಪಕಾರದಷ್ಟೇ ಅಪಕಾರವೂ ಆಯಿತು. ಸತ್ತವರಲ್ಲೇ ಏನೋ ತಪ್ಪಿತ್ತು ಎಂದು ಹುಡುಕುವ ಚಾಳಿ ಬಂತು. ಜಗಲಿಯ ಹುಡುಗಿಯನ್ನು ನೋಡಿ ಹೇಳಿ, ಏನು ತಪ್ಪು? ಕೇಳಬೇಕಾದ ಪ್ರಶ್ನೆ ಇನ್ನೊಂದು. ಅವಳನ್ನು ನೋಡಿದಾಗ ಕೊಲೆಗಾರನಿಗೆ ಏನು ಕಂಡಿತು? ಇವಳು ಹೋದರೆ ಮನೆಯವರು ಮೊದಲು ಮರ್ಯಾದೆಯನ್ನು ಹುಡುಕುತ್ತಾರೆ, ಆಮೇಲೆ ಇವಳನ್ನು ಎನ್ನುವುದು ಕಂಡಿತು. ಯಾರನ್ನೋ ಕಟ್ಟಿಕೊಂಡು ಹೋಗಿದ್ದಾಳೆ, ಎಲ್ಲೋ ಸುಖವಾಗಿರಲಿ, ಇನ್ನೊಬ್ಬಳ ಮದುವೆ ಆಗಬೇಕು, ಠಾಣೆಗೆ ಹೋಗಿ ಊರಿಗೆಲ್ಲ ಡಂಗುರ ಹೊಡೆಯುವುದು ಬೇಡ. ಈ ಮಾತನ್ನು ಅವನು ಮನೆಯವರಿಗಿಂತ ಮೊದಲೇ ಕೇಳಿಸಿಕೊಂಡಿದ್ದ. ಇಪ್ಪತ್ತು ವರ್ಷ ಹಳ್ಳಿ ಮಕ್ಕಳ ನಡುವೆ ಇದ್ದ ಮೇಷ್ಟ್ರಿಗೆ ಯಾವ ಮನೆಯಲ್ಲಿ ಎಷ್ಟು ಮಾತು, ಎಷ್ಟು ಮೌನ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

2009ರ ಜೂನ್. ಬಂಟ್ವಾಳ. ಮಳೆ ಹಿಡಿದಿದೆ, ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ಇಪ್ಪತ್ತೆರಡು ವರ್ಷದ ಒಬ್ಬಳು ಕಾಣೆಯಾಗಿದ್ದಾಳೆ, ಈ ಸಲ ಸುದ್ದಿ ಮನೆಯೊಳಗೆ ನಿಲ್ಲಲಿಲ್ಲ. ನೀವು ಪೊಲೀಸ್ ಠಾಣೆಯ ಎದುರು ಕೊಡೆ ಹಿಡಿದು ನಿಂತಿದ್ದೀರಿ, ನಿಮ್ಮ ಸುತ್ತ ನೂರಕ್ಕೂ ಹೆಚ್ಚು ಜನ. ಬೇರೆ ಧರ್ಮದ ಹುಡುಗ ಹಾರಿಸಿಕೊಂಡು ಹೋಗಿದ್ದಾನೆ, ಹುಡುಕಿ ತನ್ನಿ, ಇಲ್ಲದಿದ್ದರೆ ಠಾಣೆಗೆ ಬೆಂಕಿ ಇಡುತ್ತೇವೆ ಎನ್ನುವ ಕೂಗು. ಗುಂಪಿಗೆ ಅಪರಾಧಿ ಯಾರು ಎನ್ನುವುದು ಆಗಲೇ ಗೊತ್ತಾಗಿಬಿಟ್ಟಿದೆ. ಗೊತ್ತಿದ್ದದ್ದು ಪೂರ್ತಿ ಸುಳ್ಳು. ಕೊಂದವನು ಅವಳ ಜಾತಿಯವನೆಂದೇ ಹೇಳಿಕೊಂಡು ಬಂದವನು, ಇದೇ ತಾಲೂಕಿನವನು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳಲು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ಮಾತು. ಆ ಸುಳ್ಳು ಅನುಮಾನ ಇಲ್ಲದಿದ್ದರೆ ಗುಂಪು ಸೇರುತ್ತಿರಲಿಲ್ಲ. ಗುಂಪು ಸೇರದಿದ್ದರೆ ಆ ಅರ್ಜಿಯೂ ಕಾಣೆಯಾದವರ ಕಟ್ಟಿನಲ್ಲಿ ಸೇರಿಕೊಳ್ಳುತ್ತಿತ್ತು. ಹತ್ತೊಂಬತ್ತು ಮಂದಿಯ ಬಡತನ ಅಲುಗಿಸಲಾರದ ವ್ಯವಸ್ಥೆಯನ್ನು ಒಂದು ಕೋಮಿನ ಸಿಟ್ಟು ಅಲುಗಿಸಿತು.

ಠಾಣೆಯ ಒಳಕೋಣೆಗೆ ಬನ್ನಿ. ಮೇಜಿನ ಮೇಲೆ ಫೋನ್ ಕಂಪನಿಯಿಂದ ಬಂದ ಕರೆಗಳ ಪಟ್ಟಿ, ಪೊಲೀಸರು ಸಿಡಿಆರ್ ಎನ್ನುವ ಉದ್ದ ಹಾಳೆ. ಸ್ಕೇಲು ಇಟ್ಟು ಒಂದೊಂದೇ ಸಾಲು ಇಳಿಯುತ್ತಿದ್ದಾರೆ. ಹುಡುಗಿ ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ನಂಬರಿನೊಡನೆ ಮತ್ತೆ ಮತ್ತೆ ಮಾತಾಡಿದ್ದಾಳೆ. ನಂಬರು ಯಾರದು? ಒಬ್ಬ ಹೆಂಗಸಿನದು. ವಿಳಾಸ ಹುಡುಕಿ ಹೋದರೆ ಆ ಮನೆಯಲ್ಲಿ ಅವಳಿಲ್ಲ, ಕಾಣೆಯಾಗಿ ತಿಂಗಳುಗಳಾಗಿವೆ. ಅವಳ ಕರೆಗಳ ಪಟ್ಟಿ ತರಿಸುತ್ತಾರೆ. ಅಲ್ಲೂ ಒಂದು ನಂಬರು, ಅದೂ ಹೆಂಗಸಿನದು, ಅವಳೂ ಇಲ್ಲ. ಮಡಿಕೇರಿ, ಪುತ್ತೂರು, ಕಾಸರಗೋಡು. ಪ್ರತಿ ವಿಳಾಸದಲ್ಲೂ ಒಂದು ಜಗಲಿ, ಒಬ್ಬಳು ಇಲ್ಲ.

ಆ ಕೋಣೆಯಲ್ಲಿ ಇನ್ನೂ ಒಂದು ಗಳಿಗೆ ನಿಲ್ಲಿ. ಸತ್ತ ಹುಡುಗಿಯ ಸಿಮ್ಮಿನಿಂದ ಮುಂದಿನ ಹುಡುಗಿಗೆ ಕರೆ. ಅವಳು ಸತ್ತ ಮೇಲೆ ಅವಳ ಸಿಮ್ಮಿನಿಂದ ಇನ್ನೊಬ್ಬಳಿಗೆ. ತನ್ನ ಹೆಸರು ಎಲ್ಲೂ ಬರಬಾರದೆಂದು ಕೊಲೆಗಾರ ಮಾಡಿದ ಜಾಣತನ ಹೂವಿನ ಸರ ಪೋಣಿಸಿದಂತೆ ಸತ್ತವರನ್ನು ಒಂದೇ ದಾರದಲ್ಲಿ ಕಟ್ಟಿಬಿಟ್ಟಿತ್ತು. ಮೊದಮೊದಲು ಪೊಲೀಸರಿಗೆ ಇದು ಹೆಣ್ಣುಗಳನ್ನು ಸಾಗಿಸುವ ಜಾಲ ಇರಬೇಕು ಎನಿಸಿತ್ತು. ಹೆಂಗಸರು ಕಾಣೆಯಾದರೆ ಅವರ ತಲೆಯಲ್ಲಿದ್ದ ಕಥೆ ಎರಡೇ, ಓಡಿಹೋದವರು ಅಥವಾ ಮಾರಿಹೋದವರು. ಸತ್ತಿರಬಹುದು ಎನ್ನುವುದು ಕೊನೆಗೆ ಹೊಳೆದದ್ದು.

ಹೀಗೆ ಒಂದು ಸಾವಿಗೂ ಇನ್ನೊಂದಕ್ಕೂ ಇರುವ ನಂಟು ಪೊಲೀಸರಿಗೆ ಕಾಣದೆ ಹೋಗುವುದಕ್ಕೆ ಅಮೆರಿಕದ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗ್ಗರ್ 1984ರಲ್ಲಿ ಒಂದು ಹೆಸರು ಕೊಟ್ಟಿದ್ದ. ಕನ್ನಡದಲ್ಲಿ ಕೊಂಡಿಗುರುಡು ಅನ್ನೋಣ. ಒಂದೊಂದು ಠಾಣೆ ತನ್ನ ಹೆಣವನ್ನು ಮಾತ್ರ ನೋಡುತ್ತದೆ, ಪಕ್ಕದ ಠಾಣೆಯ ಹೆಣ ಅದಕ್ಕೆ ಕಾಣುವುದಿಲ್ಲ. ಸಮಾಜ ಬೆಲೆ ಕೊಡದವರು ಕೊಲೆಯಾದಾಗ ಅವರನ್ನು ‘ಕಡಿಮೆ ಸತ್ತವರು’ ಎಂದೂ ಅವನೇ ಕರೆದ. ಅದಕ್ಕೂ ಹಿಂದೆ, 1950ರ ದಶಕದ ಕೊನೆಗೆ, ಲಾಸ್ ಏಂಜಲೀಸಿನ ಪಿಯರ್ಸ್ ಬ್ರೂಕ್ಸ್ ಎಂಬ ಪತ್ತೇದಾರ ತನ್ನ ಕೈಯಲ್ಲಿದ್ದ ಕೊಲೆಗಳಂಥವೇ ಬೇರೆ ಊರಿನಲ್ಲೂ ಆಗಿವೆಯೇ ಎಂದು ತಿಳಿಯಲು ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆ ತಿರುವುತ್ತ ಕೂರುತ್ತಿದ್ದ. ಅವನ ಆ ಹಟದಿಂದಲೇ 1985ರಲ್ಲಿ ಎಫ್‌ಬಿಐ ಕೊಲೆಗಳನ್ನು ಹೋಲಿಸಿ ನೋಡುವ ಕಂಪ್ಯೂಟರ್ ವ್ಯವಸ್ಥೆ ಶುರುಮಾಡಿತು. ನಮ್ಮ ದೇಶದ ಠಾಣೆಗಳನ್ನು ಒಂದೇ ಜಾಲಕ್ಕೆ ಸೇರಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2009ರ ಜೂನ್‌ನಲ್ಲಿ. ಬಂಟ್ವಾಳದ ಹುಡುಗಿ ಕಾಣೆಯಾದ ತಿಂಗಳೇ. ಲಷ್ಕರ್ ಮೊಹಲ್ಲಾದ ಎಂಟು ಹೆಣಗಳಿಗೆ ಮಾತ್ರ ಯಾವ ಕಂಪ್ಯೂಟರೂ ಬೇಕಿರಲಿಲ್ಲ. ಅದೇ ನಿಲ್ದಾಣ, ಅದೇ ತರಹದ ಸೀರೆ, ಅದೇ ಬರಿಗಿವಿ.

ಕರೆಗಳ ದಾರ ಮಂಗಳೂರು ಹೊರವಲಯದ ದೇರಳಕಟ್ಟೆಯಲ್ಲಿ ಬಂದು ನಿಂತಿತು. ಸತ್ತವಳೊಬ್ಬಳ ಫೋನು ಅಲ್ಲಿ ಒಬ್ಬ ಹುಡುಗನ ಕೈಯಲ್ಲಿ ಸಿಕ್ಕಿತು. ಮಾವ ಕೊಟ್ಟದ್ದು ಎಂದ. ಆ ಮಾವನನ್ನು 2009ರ ಅಕ್ಟೋಬರ್ 21ರಂದು ಹಿಡಿದರು.

ಹಿಡಿದವನನ್ನು ನೋಡಲು ಜನ ಮುಗಿಬಿದ್ದರು. ನೀವೂ ಕತ್ತು ಉದ್ದ ಮಾಡುತ್ತೀರಿ. ಏನೂ ಕಾಣುವುದಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಮ್ಮ ಮುಂದೆ ನಿಂತಿರಬಹುದಾದ ಒಬ್ಬ. ಮುಂದಿನ ವರ್ಷಗಳಲ್ಲಿ ಅವನ ಮನಸ್ಸಿನ ಬಗ್ಗೆ ಬಂದ ಲೇಖನ, ಟಿವಿ ಕಾರ್ಯಕ್ರಮಗಳಿಗೆ ಲೆಕ್ಕವಿಲ್ಲ. ಅವನು ಯಾಕೆ ಹಾಗಾದ, ಬಾಲ್ಯ ಹೇಗಿತ್ತು ಎಂದೆಲ್ಲ. ಆ ಬಾವಿಗೆ ಎಷ್ಟು ಹಗ್ಗ ಇಳಿಸಿದರೂ ಕೊಡ ಬರಿದಾಗಿಯೇ ಮೇಲೆ ಬರುತ್ತದೆ ಎಂದು ನನ್ನ ಅನಿಸಿಕೆ. ಅವನಿಗೆ ಹಣ ಬೇಕಿತ್ತು, ಹೆಣ್ಣು ಬೇಕಿತ್ತು, ಸಿಕ್ಕಿಬೀಳದೆ ಎರಡನ್ನೂ ಪಡೆಯುವ ದಾರಿ ಕಂಡಿತ್ತು. ಮೊದಲ ಸಲ ಯಾರೂ ಕೇಳಲಿಲ್ಲ. ಎರಡನೆಯ ಸಲವೂ ಕೇಳಲಿಲ್ಲ.

ಮಂಗಳೂರಿನ ನ್ಯಾಯಾಲಯ. ಕಟಕಟೆಯಲ್ಲಿ ಅವನೇ ವಕೀಲ, ತನ್ನ ಕೇಸನ್ನು ತಾನೇ ವಾದಿಸುತ್ತಿದ್ದಾನೆ. 2013ರ ಡಿಸೆಂಬರ್‌ನಲ್ಲಿ ಮೂರು ಪ್ರಕರಣಗಳಲ್ಲಿ ಮರಣದಂಡನೆ ಆಯಿತು. 2017ರಲ್ಲಿ ಹೈಕೋರ್ಟು ಒಂದರಲ್ಲಿ ಅದನ್ನು ಸಾಯುವತನಕದ ಜೀವಾವಧಿಗೆ ಇಳಿಸಿತು. ಒಂದೊಂದಾಗಿ ವಿಚಾರಣೆ ಸಾಗಿ ಇಪ್ಪತ್ತನೆಯ ತೀರ್ಪು ಬರುವಾಗ 2020ರ ಜೂನ್.

ಈ ತೀರ್ಪುಗಳ ನಡುವಿನ ಯಾವುದೋ ಒಂದು ದಿನ ನಿಮಗೆ ಹಿಂದಿನ ಬೆಂಚಿನಲ್ಲಿ ಜಾಗ ಸಿಕ್ಕಿದೆ ಎಂದುಕೊಳ್ಳಿ. ಪೊಲೀಸರ ಬಾಯಲ್ಲಿ ಎಂ.ಓ. ಅಂದರೆ ಅಪರಾಧಿ ಕೆಲಸ ಮಾಡುವ ರೀತಿ, ಪತ್ತೇದಾರಿ ಸಿನಿಮಾ ನೋಡಿದವರಿಗೆಲ್ಲ ಗೊತ್ತಿರುವ ಶಬ್ದ. ನ್ಯಾಯಾಲಯದಲ್ಲಿ ಎಂ.ಓ. ಅಂದರೆ ಬೇರೆ, ಅದು ಮುದ್ದೆಮಾಲು. ಅವನು ಅಡವಿಟ್ಟ ಕಡೆಗಳಿಂದ ಬಿಡಿಸಿ ತಂದ ಒಡವೆಗಳು ಈಗ ಅರಗಿನ ಮುದ್ರೆ ಬಿದ್ದ ಲಕೋಟೆಗಳಲ್ಲಿವೆ, ಒಂದೊಂದಕ್ಕೂ ಒಂದೊಂದು ಎಂ.ಓ. ನಂಬರು. ಸಿಬ್ಬಂದಿ ಒಂದು ಲಕೋಟೆ ಹರಿದು ಬಿಳಿ ಕಾಗದದ ಮೇಲೆ ಒಂದು ಜೊತೆ ಓಲೆ ಸುರಿಯುತ್ತಾನೆ.

ಸಾಕ್ಷಿ ಕಟ್ಟೆಯಲ್ಲಿ ವಯಸ್ಸಾದ ಹೆಂಗಸು. ಕನ್ನಡಕ್ಕಿಂತ ತುಳು ಸಲೀಸು, ಅದಕ್ಕೇ ನಿಧಾನಕ್ಕೆ ಕೇಳುತ್ತಾರೆ.

‘ಇದು ನಿಮ್ಮ ಮಗಳದ್ದೇ ಎಂದು ಹೇಗೆ ಹೇಳುತ್ತೀರಿ?’

ಆಕೆ ಓಲೆಯನ್ನು ಮುಟ್ಟುವುದಿಲ್ಲ. ತನ್ನದೇ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಾಳೆ.

‘ಬೀಡಿ ಕಟ್ಟಿ ಮಾಡಿಸಿದ್ದು. ಎಡಗಿವಿದು ತಿರುಪು ಸಡಿಲ. ನೂಲು ಸುತ್ತಿ ಹಾಕ್ತಾ ಇದ್ದಳು.’

ನೂಲು ಅಲ್ಲೇ ಇದೆ, ತಿರುಪಿಗೆ ಸುತ್ತಿದ ಹಾಗೆಯೇ. ಶೀಘ್ರಲಿಪಿಕಾರ ಬರೆದುಕೊಳ್ಳುತ್ತಾನೆ: ಸಾಕ್ಷಿಯು ಗುರುತಿಸಿದ್ದಾರೆ.